ಲಿಸ್ಬನ್: ಹಡಗು ನಿಂತಷ್ಟು ಹೊತ್ತು

ನಾನು ಬರೆದುಕೊಂಡು ಹೋಗಿದ್ದ ಪಟ್ಟಿಯಲ್ಲಿ ಹನ್ನೊಂದು ಜಾಗಗಳಿದ್ದವು. ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್‌ನಲ್ಲಿ, ಹಡಗಿನ ಟರ್ಮಿನಲ್ಲಿನ ಹೊರಬಾಗಿಲ ಬಳಿ ನಮಗಾಗಿ ಕಾಯುತ್ತಿದ್ದ ಗೈಡ್ ಆ ಹಾಳೆಯನ್ನು ಕೈಗೆ ತೆಗೆದುಕೊಂಡು, ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಆಮೇಲೆ ನಮ್ಮ ಅತ್ತೆಯವರ ಕೈಯಲ್ಲಿದ್ದ ಊರುಗೋಲಿನತ್ತ ಒಮ್ಮೆ ನೋಡಿ ನನ್ನನ್ನು ಕೇಳಿದರು: "ಇವುಗಳಲ್ಲಿ ಯಾವುದನ್ನು ನೋಡದೆ ಹೋದರೆ ನಿಮಗೆ ಬೇಸರವಾಗುವುದಿಲ್ಲ?" ಮೊದಲು ಎಲ್ಲಿಗೆ ಹೋಗೋಣ ಎಂದು ಕೇಳುತ್ತಾರೆಂದುಕೊಂಡಿದ್ದ ನನಗೆ ಉತ್ತರ ತಕ್ಷಣ ಹೊಳೆಯಲಿಲ್ಲ. ಪಟ್ಟಿಯನ್ನು ಮಾಡುವಾಗ ಸೇರಿಸುತ್ತ ಹೋಗಿದ್ದೆನೇ ಹೊರತು, ಒಂದನ್ನಾದರೂ ಕೈಬಿಡುವ ಯೋಚನೆ ನನ್ನ ತಲೆಗೆ ಬಂದಿರಲಿಲ್ಲ.

ಖಾಸಗಿ ಗೈಡ್ ಒಬ್ಬರನ್ನು ಗೊತ್ತುಮಾಡಿಕೊಳ್ಳಲು ಕಾರಣವಾದದ್ದು ಎರಡು ದಿನ ಹಿಂದಿನ ಬಂದರಿನ ಅನುಭವ. ಅಲ್ಲಿ ಹಡಗಿನವರೇ ಏರ್ಪಡಿಸಿದ್ದ ಬಸ್ ಪ್ರವಾಸಕ್ಕೆ ಹೋಗಿದ್ದೆವು. ಅಂಗಿಗೆ ಅಂಟಿಸಿಕೊಂಡ ಸಂಖ್ಯೆಯ ಚೀಟಿ, ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನ್, ಎತ್ತಿ ಹಿಡಿದ ಫಲಕದ ಹಿಂದೆ ನಲವತ್ತು ಜನರ ಸಾಲು. ಮಂಡಿನೋವಿನ ಅತ್ತೆಯವರು ಪ್ರತಿಯೊಂದು ನಿಲುಗಡೆಯಲ್ಲೂ ಗುಂಪನ್ನು ತಲುಪುವ ಹೊತ್ತಿಗೆ ವಿವರಣೆ ಮುಗಿದು ಗುಂಪು ಮುಂದಕ್ಕೆ ಹೊರಟಿರುತ್ತಿತ್ತು. ಇಯರ್‌ಫೋನಿನಲ್ಲಿ ಕೇಳುತ್ತಿದ್ದ ದನಿ ಯಾವ ಕಟ್ಟಡದ ಬಗ್ಗೆ ಮಾತಾಡುತ್ತಿದೆಯೆಂದು ತಿಳಿಯದೆ ಅವರು ಬೇರೆ ಯಾವುದೋ ಕಟ್ಟಡವನ್ನು ನೋಡುತ್ತ ನಿಂತಿರುತ್ತಿದ್ದರು. ಆ ರಾತ್ರಿ ಊಟದ ಮೇಜಿನಲ್ಲಿ, "ನಾಳಿದ್ದು ನಾನು ಹಡಗಿನಲ್ಲೇ ಇದ್ದುಬಿಡ್ತೀನಿ ಕಣಮ್ಮ, ನೀವಿಬ್ಬರೂ ನೋಡ್ಕೊಂಡು ಬನ್ನಿ," ಎಂದರು. ದೂರಿನ ದನಿಯಲ್ಲಿ ಹೇಳಲಿಲ್ಲ, ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಸಮುದ್ರಯಾನಕ್ಕೆ ಹೊರಟವರು ಅವರು.

ಬಂದರಿನಲ್ಲಿ ಹಡಗು ನಿಲ್ಲುವ ದಿನದ ಲೆಕ್ಕಾಚಾರವೇ ಬೇರೆ. ಕಾಗದದ ಮೇಲೆ ನಮಗಿದ್ದದ್ದು ಬೆಳಗ್ಗೆ 8ರಿಂದ ಸಂಜೆ 5ರವರೆಗೆ, ಒಂಬತ್ತು ಗಂಟೆ. ಆದರೆ ಎಲ್ಲರೂ ಹಡಗಿನೊಳಗೆ ಇರಬೇಕಾದ ಸಮಯ 4:30. ಹಡಗು ಕಟ್ಟೆಗೆ ಕಟ್ಟಿ, ಅಧಿಕಾರಿಗಳ ಅನುಮತಿ ದೊರೆತು, ದಡಕ್ಕಿಳಿಯುವ ಹಲಗೆದಾರಿಯಾದ ಗ್ಯಾಂಗ್‌ವೇ ಇಳಿದು, ಲಿಫ್ಟಿನ ಸಾಲು ಕರಗುವ ಹೊತ್ತಿಗೆ ಒಂಬತ್ತಾಗಿರುತ್ತದೆ. ವಾಪಸು ಬರುವಾಗ ಭದ್ರತಾ ತಪಾಸಣೆಯ ಸಾಲು ಬೇರೆ. ಇದಲ್ಲದೆ ಹಡಗು ನಿಲ್ಲುವ ಊರೂ ನೋಡಬೇಕೆಂದಿರುವ ಊರೂ ಎಷ್ಟೋ ಸಲ ಒಂದೇ ಆಗಿರುವುದಿಲ್ಲ. ರೋಮ್ ಎಂದು ಅಚ್ಚಾಗಿರುವ ದಿನ ಹಡಗು ನಿಲ್ಲುವುದು ಅಲ್ಲಿಂದ ಸುಮಾರು 70–80 ಕಿ.ಮೀ. ದೂರದ ಚಿವಿತಾವೆಕ್ಕಿಯಾದಲ್ಲಿ, ಪ್ಯಾರಿಸ್ ಎಂದಿದ್ದರೆ ಸುಮಾರು 200 ಕಿ.ಮೀ. ದೂರದ ಲ ಹಾವ್ರ್‌ನಲ್ಲಿ. ಈ ವಿಷಯದಲ್ಲಿ ಲಿಸ್ಬನ್ ಬಹಳ ಉದಾರಿ. ಅಲ್ಲಿಯ ಕ್ರೂಸ್ ಟರ್ಮಿನಲ್ 2017ರಲ್ಲಿ ಹೊಸದಾಗಿ ತೆರೆದದ್ದು, ನಗರದ ಅತ್ಯಂತ ಹಳೆಯ ಬಡಾವಣೆಯಾದ ಅಲ್ಫಾಮಾದ ಕಾಲಬುಡದಲ್ಲೇ ಇದೆ. ಬಾಗಿಲು ದಾಟಿ ರಸ್ತೆ ದಾಟಿದರೆ ಊರು.

ಖಾಸಗಿ ಪ್ರವಾಸದಲ್ಲಿ ಒಂದು ಭಯವಿದೆ, ಅದು ಸುಳ್ಳೇನೂ ಅಲ್ಲ. ಹಡಗಿನವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಅಥವಾ ಮುಂದಿನ ಬಂದರಿಗೆ ತಲುಪಿಸುವ ಹೊಣೆಯನ್ನು ಅವರೇ ಹೊರುತ್ತಾರೆ. ನಾವಾಗಿ ಹೋದರೆ ಹಡಗು ಕಾಯುವುದಿಲ್ಲ; ಮುಂದಿನ ಬಂದರಿಗೆ ನಮ್ಮ ಖರ್ಚಿನಲ್ಲಿ ನಾವೇ ಹೋಗಿ ಸೇರಿಕೊಳ್ಳಬೇಕು. ಹಡಗಿನ ದಿನಪತ್ರಿಕೆಯಲ್ಲಿ ಅಚ್ಚಾಗಿರುವ ಬಂದರು ಏಜೆಂಟರ ಫೋನ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಈ ಕಾರಣಕ್ಕೇ. ಲಿಸ್ಬನ್‌ನಲ್ಲಿ ಇನ್ನೊಂದು ತೊಡಕು ಗಡಿಯಾರದ್ದು. ಸ್ಪೇನಿನ ಕಾದಿಸ್‌ನಿಂದ ಲಿಸ್ಬನ್‌ಗೆ ಬಂದರೆ ಸಮಯ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಫೋನು ತಾನಾಗಿ ಬದಲಾಗುತ್ತದೆ, ಕೈಗಡಿಯಾರ ಬದಲಾಗುವುದಿಲ್ಲ, ಹಡಗು ತನ್ನ ಗಡಿಯಾರವನ್ನು ಬದಲಾಯಿಸಿದೆಯೋ ಇಲ್ಲವೋ ಎಂಬುದನ್ನು ಹಿಂದಿನ ರಾತ್ರಿಯೇ ಕೇಳಿ ತಿಳಿದುಕೊಳ್ಳಬೇಕು. ನಾವು ಇಳಿದ ಕೂಡಲೇ ಗೈಡ್ ಮಾಡಿದ ಮೊದಲ ಕೆಲಸವೆಂದರೆ ತಮ್ಮ ಗಡಿಯಾರವನ್ನು ನನ್ನ ಯಜಮಾನರ ಗಡಿಯಾರದ ಪಕ್ಕದಲ್ಲಿ ಹಿಡಿದು ನೋಡಿದ್ದು. "ಮೂರು ಗಂಟೆಗೆ ನಿಮ್ಮನ್ನು ಇದೇ ಬಾಗಿಲಿಗೆ ಬಿಡುತ್ತೇನೆ," ಎಂದರು. ಆ ಒಂದೂವರೆ ಗಂಟೆಯ ಅಂತರದಿಂದಲೇ ಇವರ ಮೇಲೆ ನಂಬಿಕೆ ಹುಟ್ಟಿತು.

ಹನ್ನೊಂದರ ಪಟ್ಟಿ ನಾಲ್ಕಕ್ಕೆ ಇಳಿಯಿತು. ಕೋಟೆ ಹೋಯಿತು, 28ನೇ ಸಂಖ್ಯೆಯ ಟ್ರಾಮ್ ಹೋಯಿತು, ಸಾಂತಾ ಜುಸ್ತಾದ ಕಬ್ಬಿಣದ ಲಿಫ್ಟ್ ಹೋಯಿತು. ಕೊನೆಗೆ ಅವರ ಪೆನ್ಸಿಲು ಬೆಲೆಂ ಎಂಬ ಹೆಸರಿನ ಮೇಲೆ ಬಂದು ನಿಂತಾಗ ನಾನು ತಡೆದೆ. ಬೆಲೆಂ ಎಂದರೆ 1501ರಲ್ಲಿ ಕಟ್ಟಲು ಆರಂಭಿಸಿದ ಜೆರೋನಿಮೋಸ್ ಮಠ, ಅದರೊಳಗೆ ವಾಸ್ಕೊ ಡ ಗಾಮನ ಸಮಾಧಿ, ನದಿಯ ದಡದಲ್ಲಿ ಬೆಲೆಂ ಗೋಪುರ. ಅದನ್ನು ಬಿಟ್ಟು ಬಂದರೆ ಲಿಸ್ಬನ್ ನೋಡಿದ ಹಾಗೆ ಹೇಗಾಗುತ್ತದೆ? "ಅಲ್ಲಿಗೆ ಹೋಗಿಬರುವ ದಾರಿಗೇ ಒಂದು ಗಂಟೆ, ಮಠದ ಮುಂದಿನ ಸರದಿ ಸಾಲಿಗೆ ಇನ್ನೆಷ್ಟೋ," ಎಂದರು ಅವರು. "ಅಮ್ಮನವರು ಬಿಸಿಲಿನಲ್ಲಿ ನಿಲ್ಲಬೇಕಾಗುತ್ತದೆ. ಬೆಲೆಂ ಅನ್ನು ನಿಮಗೆ ಸಂಜೆ ನಿಮ್ಮ ಹಡಗೇ ತೋರಿಸುತ್ತದೆ. ಹೊರಟ ಮೇಲೆ ಬಲಗಡೆಯ ಡೆಕ್ಕಿನಲ್ಲಿ ನಿಂತುಕೊಳ್ಳಿ." ಅರ್ಧ ಮನಸ್ಸಿನಿಂದ ಒಪ್ಪಿಕೊಂಡೆ.

ಅಲ್ಫಾಮಾದ ಓಣಿಗಳು ಕಾರು ನುಗ್ಗುವಂಥವಲ್ಲ. ಸಾಮಾನ್ಯವಾಗಿ ಗೈಡುಗಳು ಪ್ರವಾಸಿಗರನ್ನು ಕಾರಿನಲ್ಲಿ ಗುಡ್ಡದ ಮೇಲಕ್ಕೆ ಕರೆದೊಯ್ದು, ಅಲ್ಲಿಂದ ಮೆಟ್ಟಿಲುಗಳ ಮೂಲಕ ನಡೆಸಿಕೊಂಡು ಕೆಳಗಿಳಿಸುತ್ತಾರಂತೆ. ಇಳಿಯುವುದು ಸುಲಭವೆಂದು ಮಂಡಿ ಗಟ್ಟಿಯಾಗಿರುವವರು ಅಂದುಕೊಳ್ಳುತ್ತಾರೆ. ನೋಯುವ ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವೆಂಬುದನ್ನು ಅವರಿಗೆ ನಾವು ಹೇಳಬೇಕಾಗಲಿಲ್ಲ. ಸಾಂತಾ ಲುಜಿಯಾ ಎಂಬ ನೋಟದ ಕಟ್ಟೆಯ ಹತ್ತಿರದವರೆಗೆ ಕಾರು ಹೋಯಿತು, ಉಳಿದದ್ದು ಸಮತಟ್ಟಾದ ಕೆಲವೇ ಹೆಜ್ಜೆ.

ಕಟ್ಟೆಯಿಂದ ಕೆಳಗೆ ನೋಡಿದರೆ ಕೆಂಪು ಹೆಂಚಿನ ಮಾಡುಗಳು ಒಂದರ ಭುಜದ ಮೇಲೊಂದು ಒರಗಿಕೊಂಡು ನದಿಯವರೆಗೆ ಇಳಿದಿದ್ದವು, ಅವುಗಳ ಕೊನೆಗೆ ಬಿಳಿಯ ಗೋಡೆಯಂತೆ ನಮ್ಮ ಹಡಗು ನಿಂತಿತ್ತು. ಅದು ಎಷ್ಟು ದೊಡ್ಡದೆಂಬುದು ಒಳಗಿದ್ದಾಗ ನನಗೆ ತಿಳಿದಿರಲಿಲ್ಲ. ತಾವು ಹುಟ್ಟಿ ಬೆಳೆದದ್ದು ಈ ಮಾಡುಗಳ ಕೆಳಗೇ ಎಂದೂ, ಚಿಕ್ಕವರಿದ್ದಾಗ ಕಿಟಕಿಯಿಂದ ನದಿ ಕಾಣುತ್ತಿತ್ತೆಂದೂ ಗೈಡ್ ಹೇಳಿದರು. ಓಣಿಯ ಮನೆಗಳು ಒಂದೊಂದಾಗಿ ಪ್ರವಾಸಿಗರಿಗೆ ದಿನದ ಬಾಡಿಗೆಗೆ ಹೋದಂತೆ ನೆರೆಹೊರೆಯವರು ಖಾಲಿಯಾದರು, ಅವರೂ ನದಿಯಾಚೆಯ ಅಲ್ಮಾದಾಗೆ ಹೋಗಿ ನೆಲೆಸಿದ್ದಾರೆ. ಹಡಗುಗಳಿಂದ ಇಳಿಯುವವರಿಂದಲೇ ತಮ್ಮ ಅನ್ನ ನಡೆಯುತ್ತಿದೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದರು. ಈ ಎರಡು ಮಾತುಗಳನ್ನು ಒಟ್ಟಿಗೆ ಕೇಳಿದ ಮೇಲೆ ಆ ಬಿಳಿಯ ಗೋಡೆಯನ್ನು ಮೊದಲಿನ ಕಣ್ಣಿನಿಂದ ನೋಡಲು ನನ್ನಿಂದಾಗಲಿಲ್ಲ. ಎಂಟು ಗಂಟೆಗಾಗಿ ಬಂದಿಳಿಯುವ ನಮ್ಮಂಥ ಸಾವಿರಾರು ಜನ ಒಂದು ಊರಿಗೆ ಏನು ಕೊಡುತ್ತೇವೆ, ಅದರಿಂದ ಏನನ್ನು ಕಿತ್ತುಕೊಳ್ಳುತ್ತೇವೆ ಎಂಬ ಲೆಕ್ಕ ಇನ್ನೂ ನನ್ನೊಳಗೆ ಮುಗಿದಿಲ್ಲ.

ಅಲ್ಲಿ ಎಲ್ಲರೂ ನದಿಯ ಕಡೆಗೆ ಮುಖಮಾಡಿ ಫೋಟೊ ತೆಗೆದುಕೊಳ್ಳುತ್ತಿದ್ದರು. ಗೈಡ್ ನಮ್ಮನ್ನು ಹಿಂದಕ್ಕೆ ತಿರುಗಿಸಿ ಚರ್ಚಿನ ಹೊರಗೋಡೆಯತ್ತ ಕರೆದೊಯ್ದರು. ಅಲ್ಲಿ ಅಂಗೈಯಗಲದ ನೀಲಿ-ಬಿಳಿ ಬಿಲ್ಲೆಗಳನ್ನು ಜೋಡಿಸಿ ಮಾಡಿದ ಚಿತ್ರವೊಂದಿದೆ: ನದಿದಡದ ವಿಶಾಲ ಚೌಕ, ಅದರ ಒಂದು ಪಕ್ಕಕ್ಕೆ ಅರಮನೆ. "ಇದನ್ನು ಚೆನ್ನಾಗಿ ನೋಡಿಕೊಳ್ಳಿ, ಇನ್ನು ಹತ್ತು ನಿಮಿಷದಲ್ಲಿ ಇದೇ ಜಾಗದಲ್ಲಿ ನಿಂತಿರುತ್ತೇವೆ, ಆದರೆ ಇದರಲ್ಲಿರುವ ಅರಮನೆ ಅಲ್ಲಿರುವುದಿಲ್ಲ," ಎಂದರು. ಅತ್ತೆಯವರು ಕನ್ನಡಕವನ್ನು ಹಣೆಗೇರಿಸಿ, ಗೋಡೆಗೆ ಮುಖ ಹತ್ತಿರ ತಂದು, ಅರಮನೆಯ ಕಿಟಕಿಗಳನ್ನು ಎಣಿಸತೊಡಗಿದರು. ಬಸ್ಸಿನ ಗುಂಪಿನಲ್ಲಿದ್ದಿದ್ದರೆ ಆ ಎಣಿಕೆ ಮೂರನೆಯ ಕಿಟಕಿಗೇ ನಿಲ್ಲುತ್ತಿತ್ತು.

ಕೆಳಗಿನ ಆ ಚೌಕದ ಹೆಸರು ಪ್ರಾಸ ದು ಕೊಮೆರ್ಸಿಯು. ಹಳಬರು ಈಗಲೂ ಅದನ್ನು ಅರಮನೆಯ ಅಂಗಳವೆಂದೇ, ತೆರೇರು ದು ಪಾಸು ಎಂದೇ ಕರೆಯುತ್ತಾರೆ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಗ್ಗೆ, ಜನರೆಲ್ಲ ಚರ್ಚುಗಳಲ್ಲಿದ್ದ ಹೊತ್ತಿಗೆ ಭೂಮಿ ನಡುಗಿತು. ಹಬ್ಬಕ್ಕೆಂದು ಹಚ್ಚಿಟ್ಟಿದ್ದ ಮೇಣದಬತ್ತಿಗಳು ಉರುಳಿ ಬೆಂಕಿ ಹೊತ್ತಿತು. ಕುಸಿಯುವ ಕಟ್ಟಡಗಳಿಂದ ಪಾರಾಗಲು ಜನ ಬಯಲನ್ನು ಹುಡುಕಿಕೊಂಡು ಓಡಿಬಂದದ್ದು ಇದೇ ನದಿದಡಕ್ಕೆ, ಮತ್ತು ಸ್ವಲ್ಪ ಹೊತ್ತಿನಲ್ಲಿ ಸಮುದ್ರದ ದೈತ್ಯ ಅಲೆಗಳು ನದಿಯ ಬಾಯಿಯಿಂದ ಏರಿಬಂದದ್ದೂ ಇಲ್ಲಿಗೇ. ಅರಮನೆ ಹೋಯಿತು, ಅದರೊಳಗಿನ ಗ್ರಂಥಾಲಯ ಹೋಯಿತು, ಅದೇ ವರ್ಷ ಮಾರ್ಚ್ 31ರಂದು ಬಾಗಿಲು ತೆರೆದಿದ್ದ ಅಪೆರಾ ಭವನ ಏಳು ತಿಂಗಳು ಮಾತ್ರ ಬದುಕಿ ನೆಲಸಮವಾಯಿತು. ರಾಜ ಮೊದಲನೆಯ ಜೋಸೆ ಆ ಬೆಳಗ್ಗೆ ಬೆಲೆಂನಲ್ಲಿದ್ದುದರಿಂದ ಉಳಿದ, ಆದರೆ ಕಲ್ಲುಗೋಡೆಯೆಂದರೆ ಹೆದರುವವನಾಗಿ ಆಮೇಲೆ ಗುಡ್ಡದ ಮೇಲೆ ಮರದ ಅರಮನೆಯಲ್ಲಿ ವಾಸಿಸಿದ. ಇದನ್ನೆಲ್ಲ ಗೈಡ್ ಹೇಳಿದ್ದು ಚೌಕದ ತುದಿಯಲ್ಲಿ, ಎರಡು ಕಂಬಗಳ ನಡುವೆ ನದಿಗೆ ಇಳಿಯುವ ಮೆಟ್ಟಿಲುಗಳ ಹತ್ತಿರ ನಿಂತು. ಕೆಳಗಿನ ಮೆಟ್ಟಿಲುಗಳಲ್ಲಿ ಪಾಚಿ ಹಸಿರಾಗಿತ್ತು. ಉಬ್ಬರವಿಳಿತದ ನೀರು ಒಂದು ಮೆಟ್ಟಿಲನ್ನು ಮುಚ್ಚಿ, ತುಸು ಹೊತ್ತು ನಿಂತು, ಬಿಟ್ಟುಹೋಗುತ್ತಿತ್ತು. ಅತ್ತೆಯವರು ಮೇಲಿನಿಂದಲೇ ನೀರಿಗೆ ಕೈಮುಗಿದರು.

ಚೌಕದ ಹಿಂದಿನ ಬೈಷಾ ಬಡಾವಣೆಯನ್ನು ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎಂಬ ಬಿರುದು ಪಡೆದ ಮಂತ್ರಿಯ ಆಡಳಿತದಲ್ಲಿ ನೇರ ಬೀದಿಗಳಾಗಿ ಹೊಸದಾಗಿ ಕಟ್ಟಲಾಯಿತು. ಗೋಡೆಗಳೊಳಗೆ ಪಂಜರದಂತೆ ಹೆಣೆದ ಮರದ ಚೌಕಟ್ಟುಗಳಿವೆ. ಭೂಮಿ ನಡುಗಿದರೆ ಕಟ್ಟಡ ಬಾಗಬೇಕು, ಬೀಳಬಾರದು. ಅದರ ಮಾದರಿಯೊಂದನ್ನು ಕಟ್ಟಿ, ಸುತ್ತಲೂ ಸೈನಿಕರಿಂದ ನೆಲ ಅದುರುವಂತೆ ಕವಾಯತು ಮಾಡಿಸಿ ಪರೀಕ್ಷಿಸಿದರೆಂದು ಹೇಳುತ್ತಾರೆ.

ಆ ಬೀದಿಯೊಂದರಲ್ಲಿ ನಡೆಯುತ್ತಿದ್ದಾಗ ನಮ್ಮ ಯಾವ ಪಟ್ಟಿಯಲ್ಲೂ ಇಲ್ಲದ್ದು ಎದುರಾಯಿತು. ಕಾಲುದಾರಿಯ ಕಲ್ಲು ಕಿತ್ತುಹೋದ ಕಡೆ ಒಬ್ಬ ಕೆಲಸಗಾರ ಚಿಕ್ಕ ಮಣೆಯ ಮೇಲೆ ಕುಳಿತು ಹೊಸ ಕಲ್ಲು ಕೂರಿಸುತ್ತಿದ್ದ. ಲಿಸ್ಬನ್ನಿನ ಕಾಲುದಾರಿಗಳಿಗೆ ಬಿಳಿಯ ಸುಣ್ಣದ ಕಲ್ಲು ಮತ್ತು ಕಪ್ಪು ಕಲ್ಲಿನ ಸಣ್ಣ ತುಂಡುಗಳನ್ನು ಹಾಸಿ ಚಿತ್ತಾರ ಮಾಡಿರುತ್ತಾರೆ. 1842ರಲ್ಲಿ ಕೋಟೆಯ ಬಳಿ ಸೆರೆಯಾಳುಗಳ ಕೈಯಿಂದ ಹಾಕಿಸಿದ ಹಾಸಿನಿಂದ ಇದು ಆರಂಭವಾಯಿತು, ಕೆಲವು ವರ್ಷಗಳಲ್ಲೇ ರೊಸಿಯು ಚೌಕಕ್ಕೆ ಕಪ್ಪು-ಬಿಳಿ ಅಲೆಗಳ ಹಾಸು ಬಂತು. ಈ ಕಸುಬಿನವರು ಕಡಿಮೆಯಾದಂತೆ ನಗರಾಡಳಿತ 1986ರಲ್ಲಿ ಅದಕ್ಕೆಂದೇ ಒಂದು ಶಾಲೆಯನ್ನು ತೆರೆಯಬೇಕಾಯಿತು. ಆತ ರಾಶಿಯಿಂದ ಒಂದು ಕಲ್ಲನ್ನೆತ್ತಿ ಎಡ ಅಂಗೈಯಲ್ಲಿ ಹೊರಳಿಸಿ, ಅದರ ಮೈಯನ್ನು ಬೆರಳಿನಿಂದಲೇ ಅರಿತು, ಸುತ್ತಿಗೆಯಿಂದ ಎರಡೇ ಏಟು ಹಾಕುತ್ತಿದ್ದ. ಒಂದು ಏಟಿಗೆ ಮೂಲೆ ಹಾರುತ್ತಿತ್ತು, ಇನ್ನೊಂದಕ್ಕೆ ಅಂಚು ನೇರವಾಗುತ್ತಿತ್ತು. ಕಲ್ಲು ಮರಳಿನ ಗುಳಿಗೆ ಹೋಗಿ ಪಕ್ಕದ್ದಕ್ಕೆ ತಾಗಿ ಕೂರುತ್ತಿತ್ತು. ಅಳತೆಪಟ್ಟಿ ಇರಲಿಲ್ಲ. ಹೊಂದದ ಕಲ್ಲನ್ನು ಆತ ಬಲವಂತ ಮಾಡುತ್ತಿರಲಿಲ್ಲ, ಪಕ್ಕಕ್ಕಿಟ್ಟು ಬೇರೊಂದನ್ನು ಎತ್ತಿಕೊಳ್ಳುತ್ತಿದ್ದ, ಹತ್ತು ಕಲ್ಲುಗಳಾದ ಮೇಲೆ ಆ ಬದಿಗಿಟ್ಟ ಕಲ್ಲಿಗೂ ಒಂದು ಜಾಗ ಸಿಗುತ್ತಿತ್ತು.

ಅತ್ತೆಯವರು ಊರುಗೋಲಿನ ಮೇಲೆ ಎರಡೂ ಕೈಯಿಟ್ಟು ನಿಂತುಬಿಟ್ಟರು. ಐದು ನಿಮಿಷವಾಯಿತು, ಹತ್ತಾಯಿತು. ನಾನು ಅಭ್ಯಾಸಬಲದಿಂದ ಗಡಿಯಾರ ನೋಡಿಕೊಂಡು, "ಅತ್ತೆ, ಹೊರಡೋಣವೇ?" ಎಂದೆ. ಗೈಡ್ ನನ್ನ ತೋಳನ್ನು ಮೆಲ್ಲಗೆ ಮುಟ್ಟಿ ಬೇಡವೆಂದು ತಲೆಯಾಡಿಸಿದರು. ಆ ಹೊತ್ತಿನಲ್ಲಿ ಅವರು ಇತಿಹಾಸ ಹೇಳಲಿಲ್ಲ, ಬೇರೆಡೆಗೆ ಗಮನ ಸೆಳೆಯಲಿಲ್ಲ. ಒಂದು ಅಂಗಡಿಯ ನೆರಳಿಗೆ ಸರಿದು ಸುಮ್ಮನೆ ನಿಂತರು. ಖಾಸಗಿ ಪ್ರವಾಸಕ್ಕೆ ತಲೆಯೆಣಿಕೆಯಿಲ್ಲ, ಇಡೀ ಕಾರಿಗೆ ಒಂದೇ ದರ. ಮೂವರಿಗೆ ಅದು ದುಬಾರಿಯೇ, ಆರು ಜನರಾದರೆ ಬಸ್ಸಿನ ಟಿಕೆಟ್ಟಿಗೆ ಸಮನಾಗುತ್ತದೆ ಎಂದೆಲ್ಲ ಮುಂಚಿತವಾಗಿ ನಾನು ಲೆಕ್ಕ ಹಾಕಿದ್ದೆ. ನಾವು ಹಣ ಕೊಟ್ಟದ್ದು ಈ ಸುಮ್ಮನೆ ನಿಲ್ಲುವಿಕೆಗೆ ಎಂಬುದು ನನಗೆ ಅಲ್ಲಿ ಅರ್ಥವಾಯಿತು. ಕೊನೆಗೆ ಕೆಲಸಗಾರ ತಲೆಯೆತ್ತಿ, ತನ್ನನ್ನು ಇಷ್ಟು ಹೊತ್ತು ನೋಡುತ್ತಿದ್ದ ಹಿರಿಯ ಹೆಂಗಸಿಗೆ ಒಂದು ಬಿಳಿಯ ಕಲ್ಲಿನ ಚೂರನ್ನು ಕೊಟ್ಟ. ಸಕ್ಕರೆ ಅಚ್ಚಿನಷ್ಟೇ ಇತ್ತು. ಅವರು ಅದನ್ನು ಸೆರಗಿನ ಅಂಚಿಗೆ ಕಟ್ಟಿಕೊಂಡರು.

ರೊಸಿಯು ಪಕ್ಕದ ಸಾವ್ ದೊಮಿಂಗುಸ್ ಚರ್ಚಿನ ಮುಂದೆ ದಾವೀದನ ನಕ್ಷತ್ರವಿರುವ ಕಲ್ಲಿನ ಸ್ಮಾರಕವಿದೆ. 1506ರಲ್ಲಿ, ಬಲವಂತದಿಂದ ಕ್ರೈಸ್ತರಾಗಿಸಿದ್ದ ಯಹೂದ್ಯರ ಹತ್ಯಾಕಾಂಡ ಆರಂಭವಾದದ್ದು ಇಲ್ಲಿ. ಒಳಗೆ ಹೋದರೆ 1959ರ ಬೆಂಕಿಯಲ್ಲಿ ಬೆಂದ ಕಂಬಗಳು. 1994ರಲ್ಲಿ ಚರ್ಚನ್ನು ಮತ್ತೆ ತೆರೆದಾಗ ಚಾವಣಿಯನ್ನು ಹೊಸದಾಗಿ ಮಾಡಿದರು, ಕಂಬಗಳನ್ನು ಮಾತ್ರ ಹಾಗೇ ಬಿಟ್ಟರು. ಬೆಂಕಿಯ ಬಿಸಿಗೆ ಕಲ್ಲು ಪದರುಪದರಾಗಿ ಸಿಡಿದು, ಒಳಗಿನ ಕೆಂಪು-ಕಂದು ಮೈ ಗಾಯದ ಹಾಗೆ ಬಿಚ್ಚಿಕೊಂಡಿದೆ. ನಾವು ಯಾರೂ ಮಾತಾಡದೆ ಕುಳಿತೆವು. ಗೈಡ್ ಮಾತು ಹೇಳಿದ್ದು ಒಳಹೋಗುವ ಮೊದಲೇ. ಒಳಗೆ ಅವರೂ ಬಂದು ಒಂದು ಬೆಂಚಿನ ಮೇಲೆ ಬೇರೆಯಾಗಿ ಕುಳಿತರು.

ಕೊನೆಯ ಜಾಗ ಕಾರ್ಮು ಮಠದ ಚೌಕ. 1389ರಲ್ಲಿ ಸ್ಥಾಪಿಸಿದ ಮಠದ ಚರ್ಚಿಗೆ 1755ರಿಂದ ಈಚೆಗೆ ಚಾವಣಿಯಿಲ್ಲ. ಕಮಾನುಗಳು ಆಕಾಶಕ್ಕೆ ಪಕ್ಕೆಲುಬುಗಳ ಹಾಗೆ ನಿಂತಿವೆ. ಆದರೆ ಗೈಡ್ ನಮ್ಮನ್ನು ಮೊದಲು ಕೂರಿಸಿದ್ದು ಹೊರಗೆ, ಜಕರಂದಾ ಮರಗಳ ಕೆಳಗಿನ ಬೆಂಚಿನಲ್ಲಿ. ಜೂನ್ ಮೊದಲ ವಾರವಾದ್ದರಿಂದ ಹೂವು ಬಿದ್ದು ನೆಲವೆಲ್ಲ ನೇರಳೆಯಾಗಿತ್ತು. 1974ರ ಏಪ್ರಿಲ್ 25ರಂದು ಸರ್ವಾಧಿಕಾರದ ಕೊನೆಯ ಪ್ರಧಾನಿ ಮಾರ್ಸೆಲು ಕಯೆತಾನು ಇದೇ ಚೌಕದ ಸೈನಿಕ ಠಾಣ್ಯದಲ್ಲಿ ಅಡಗಿದ್ದು ಸಂಜೆಗೆ ಶರಣಾದ. ದಂಗೆಯೆದ್ದ ಸೇನಾಧಿಕಾರಿಗಳು ಜನರಿಗೆ ಮನೆಯಲ್ಲೇ ಇರಿ ಎಂದು ರೇಡಿಯೊದಲ್ಲಿ ಮತ್ತೆ ಮತ್ತೆ ಹೇಳಿದರೂ ಜನ ಚೌಕದಲ್ಲಿ ತುಂಬಿಕೊಂಡರು, ಬಂದೂಕಿನ ನಳಿಗೆಗಳಿಗೆ ಕೆಂಪು ಕಾರ್ನೇಶನ್ ಹೂ ಸಿಕ್ಕಿಸಿದರು. ಆಗ ಒಂಬತ್ತು ವರ್ಷದವರಾಗಿದ್ದ ನಮ್ಮ ಗೈಡನ್ನು ತಾಯಿ ಕಿಟಕಿ ಮುಚ್ಚಿ ಒಳಗೆ ಇಟ್ಟುಕೊಂಡಿದ್ದರಂತೆ. ಅಣ್ಣ ಮಾತ್ರ ಹೇಳದೆ ಓಡಿಹೋಗಿ, ರಾತ್ರಿ ಬಂದು ಒಂದು ಬಾಡಿದ ಹೂವನ್ನು ನೀರಿನ ಲೋಟದಲ್ಲಿಟ್ಟನಂತೆ. "ಅಮ್ಮ ಅವನಿಗೆ ಹೊಡೆದಳು, ಆಮೇಲೆ ಆ ಲೋಟದ ನೀರನ್ನು ದಿನಾ ಬದಲಾಯಿಸುತ್ತಿದ್ದಳು," ಎಂದರು. ನಾನು ಅದನ್ನು ಅತ್ತೆಯವರಿಗೆ ಕನ್ನಡದಲ್ಲಿ ಹೇಳಿದಾಗ ಅವರು ಗೈಡಿನ ಕೈಯನ್ನು ಹಿಡಿದುಕೊಂಡರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು.

ಮೂರಕ್ಕೆ ಐದು ನಿಮಿಷವಿರುವಾಗ ಟರ್ಮಿನಲ್ಲಿನ ಬಾಗಿಲಿನಲ್ಲಿದ್ದೆವು.

ಐದಕ್ಕೆ ಹಡಗು ಕಟ್ಟೆಯನ್ನು ಬಿಟ್ಟಿತು. ಹೇಳಿದಂತೆ ಬಲಗಡೆಯ ಡೆಕ್ಕಿನಲ್ಲಿ ಕುರ್ಚಿ ಹಾಕಿಕೊಂಡೆವು. ಮೊದಲಿಗೆ ಬಂದದ್ದು ಬೆಳಗ್ಗೆ ನಾವು ನಿಂತಿದ್ದ ಚೌಕ, ಅದರ ಎರಡು ಕಂಬಗಳು. ಬಿಲ್ಲೆಗಳ ಚಿತ್ರದಲ್ಲಿ ಅರಮನೆಯಿದ್ದ ಜಾಗವನ್ನು ಅತ್ತೆಯವರೇ ಬೆರಳು ಮಾಡಿ ತೋರಿಸಿದರು. ಆಮೇಲೆ ಇದ್ದಕ್ಕಿದ್ದಂತೆ, "ಆ ಹೆಣ್ಣುಮಗಳ ಮನೆ ಆಚೆ ದಡ ಅಂದಳಲ್ಲ, ಅದು ಯಾವ ಕಡೆ?" ಎಂದು ಕೇಳಿದರು. ಎಬ್ಬಿಸಿಕೊಂಡು ಎಡಗಡೆಗೆ ಕರೆದೊಯ್ದೆ. ಅಲ್ಮಾದಾದ ಮನೆಗಳ ಮೇಲೆ ಬಿಸಿಲು ಬಿದ್ದಿತ್ತು, ದಿಬ್ಬದ ಮೇಲೆ ಕ್ರಿಸ್ತ ಕೈಚಾಚಿ ನಿಂತಿದ್ದ. ಅಷ್ಟರಲ್ಲಿ ತಲೆಯ ಮೇಲೆ ಜೇನುಹುಟ್ಟಿನ ಗುಂಯ್‌ಗುಟ್ಟುವಿಕೆಯಂಥ ಸದ್ದು ಕೇಳಿಸಿತು. 1966ರಲ್ಲಿ ಸರ್ವಾಧಿಕಾರಿ ಸಲಜಾರನ ಹೆಸರಿನಲ್ಲಿ ತೆರೆದು, 1974ರ ಆ ದಿನದ ಹೆಸರನ್ನು ಪಡೆದ ಏಪ್ರಿಲ್ 25ರ ಸೇತುವೆ ಅದು. ಅದರ ಕಬ್ಬಿಣದ ಜಾಲರಿಯ ಮೇಲೆ ಕಾರುಗಳು ಓಡುವಾಗ ಹೀಗೆ ಹಾಡುತ್ತದೆ. ಡೆಕ್ಕಿನ ಮೇಲಿದ್ದವರೆಲ್ಲ ಕತ್ತೆತ್ತಿ ನೋಡಿದರು.

ಮತ್ತೆ ಬಲಗಡೆಗೆ ಬಂದೆವು. ಮಠದ ಉದ್ದನೆಯ ಬಿಳಿಯ ಮೈ ಹಿಂದೆ, ನಾವಿಕರ ಸ್ಮಾರಕ ಮುಂದೆ, ಆಮೇಲೆ ನೀರಿಗೆ ಕಾಲಿಟ್ಟು ನಿಂತ ಗೋಪುರ. 1497ರ ಜುಲೈ 8ರಂದು ಗಾಮನ ಹಡಗುಗಳು ಹೊರಟದ್ದು ಇಲ್ಲಿಂದ. ಹಿಂದೆ ಉಳಿದವರು ದಡದಿಂದ ನೋಡಿದ್ದರು, ಹೊರಟವರು ದಡವನ್ನು ನಮ್ಮಂತೆಯೇ ನೀರಿನಿಂದ ನೋಡಿದ್ದರು. ಮಠದ ಮುಂದಿನ ಸರದಿಯಲ್ಲಿ ನಿಂತು ಒಳಹೋಗಿದ್ದರೆ ಈ ನೋಟ ನನಗೆ ಹೀಗೆ ಒದಗುತ್ತಿರಲಿಲ್ಲ. ಹನ್ನೊಂದನೆಯ ಮಹಡಿಯಿಂದ ನೋಡುತ್ತಿದ್ದ ಅತ್ತೆಯವರು, "ಇಷ್ಟೇ ಚಿಕ್ಕದಾ?" ಎಂದರು, ಸೆರಗಿನ ಗಂಟಿನಲ್ಲಿದ್ದ ಕಲ್ಲನ್ನು ಬೆರಳಿನಲ್ಲಿ ಹೊರಳಿಸುತ್ತ. ನದಿ ಅಗಲವಾಗುತ್ತ ಹೋಯಿತು. ನೀರಿನ ನಡುವೆ ದುಂಡಗಿನ ಕೋಟೆಯೊಂದು ಬರುತ್ತದೆ, ಬುಜಿಯು ಎಂದು ಅದರ ಹೆಸರು, ಅಲ್ಲಿಗೆ ನಮ್ಮ ನದಿ ಮುಗಿಯಿತೆಂದು ತಿಳಿಯಿರಿ ಎಂದು ಗೈಡ್ ಹೇಳಿದ್ದರು. ಅದು ಎಡಕ್ಕೆ ದಾಟಿ ಹಿಂದೆ ಸರಿದು, ಹಡಗು ಮೊದಲ ದೊಡ್ಡ ಅಲೆಗೆ ಮೆಲ್ಲಗೆ ತೂಗುವವರೆಗೂ ನಾವು ಮೂವರೂ ಒಳಗೆ ಹೋಗಲಿಲ್ಲ.